ಮನೆ ಬದಲಿಸುವಾಗ ಕಟ್ಟಿಗೆ ಒಲೆ: ಮಾರುವುದೋ, ಹೊತ್ತೊಯ್ಯುವುದೋ?

ಪಾತ್ರೆ, ಹಾಸಿಗೆ, ಅಲಮಾರಿ, ಹಿಟ್ಟಿನ ಡಬ್ಬಿ ಎಲ್ಲವೂ ಗಾಡಿ ಏರಿದ ಮೇಲೂ ಹಿತ್ತಲಿನಲ್ಲಿ ಒಂದು ಸಾಮಾನು ಕುಳಿತೇ ಇರುತ್ತದೆ. ಮೈಯೆಲ್ಲ ಮಸಿ, ಬಾಯಿ ತುಂಬ ಬೂದಿ. ಗಾಡಿಯವನು ಅದನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿ, "ಇದೂ ಬರುತ್ತದೆಯೇನು?" ಎನ್ನುತ್ತಾನೆ. ಮನೆಯ ಒಳಗಿನಿಂದ ಒಂದು ಉತ್ತರ ಬರುತ್ತದೆ, ಹಿತ್ತಲಿನಿಂದ ಇನ್ನೊಂದು.

ನಾವು ಮೂರು ಸಲ ಮನೆ ಬದಲಿಸಿದ್ದೇವೆ. ಆಳಂದ ತಾಲ್ಲೂಕಿನ ಹಳ್ಳಿಯಿಂದ ಬೀದರ್‌ಗೆ, ಬೀದರ್‌ನಿಂದ ಕಲಬುರಗಿಯ ಗಾಜಿಪುರಕ್ಕೆ, ಈಗ ಗಾಜಿಪುರದಿಂದ ಜೇವರ್ಗಿ ರಸ್ತೆಯ ಕಡೆ ಒಂದು ಎರಡನೇ ಮಹಡಿಗೆ. ಮೂರು ಸಲವೂ ಒಲೆಯ ವಿಷಯಕ್ಕೆ ನನಗೂ ಅತ್ತೆಗೂ ಮಾತು ಬೆಳೆದಿದೆ. ಮೊದಲ ಸಲ ಒಲೆಯನ್ನು ನಾದಿನಿಗೆ ಕೊಟ್ಟೆವು, ಎರಡನೇ ಸಲ ಹೊತ್ತು ತಂದೆವು, ಈ ಸಲ ಮಾರಿದೆವು. ಮೂರರಲ್ಲೂ ಕಲಿತದ್ದು ಸ್ವಲ್ಪ ಇದೆ. ಎರಡನೆಯದರಲ್ಲಿ ಹಾಸಿಗೆ ಸುಟ್ಟುಕೊಂಡು ಕಲಿತೆವು.

ಒಲೆಗೆ ಎಷ್ಟು ಬಂದೀತು ಎಂಬ ಪ್ರಶ್ನೆಯಿಂದ ಶುರು ಮಾಡಿದವರು ದಾರಿ ತಪ್ಪುತ್ತಾರೆ. ಹಳೆ ಒಲೆಯ ಹಣ ಗಾಡಿ ಬಾಡಿಗೆ, ಹಮಾಲಿಯಲ್ಲೇ ಕರಗಿಹೋಗುವಂಥದ್ದು. ಕೇಳಿಕೊಳ್ಳಬೇಕಾದದ್ದು ಎರಡು: ಹೊಸ ಮನೆಯಲ್ಲಿ ಹೊಗೆ ಎಲ್ಲಿಗೆ ಹೋಗುತ್ತದೆ, ಕಟ್ಟಿಗೆ ಎಲ್ಲಿಂದ ಬರುತ್ತದೆ. ಇವೆರಡಕ್ಕೂ ನೇರ ಉತ್ತರ ಇದ್ದರೆ ಒಲೆ ಎಷ್ಟೇ ಹಳೆಯದಾಗಿರಲಿ, ಹೊತ್ತುಕೊಂಡು ಹೋಗಿ. ಒಂದಕ್ಕೆ ಉತ್ತರವಿಲ್ಲದಿದ್ದರೂ ಅದು ಹೊಸದಾಗಿದ್ದರೂ ಬಿಟ್ಟುಬಿಡಿ.

ಮೊದಲು ಒಲೆಯ ಜಾತಿ

ಮಣ್ಣಿನ ಒಲೆ ಇದ್ದವರಿಗೆ ಚಿಂತೆಯೇ ಇಲ್ಲ, ಅದು ನೆಲಕ್ಕೆ ಹುಟ್ಟಿದ್ದು, ನೆಲಕ್ಕೇ ಸೇರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಕೇಂದ್ರದವರು ರೂಪಿಸಿದ ಅಸ್ತ್ರ ಒಲೆಯೂ ಹೀಗೆಯೇ. ಒಳಗಿನ ಅಳತೆಯೇ ಅದರ ಜೀವಾಳ. ಕಿತ್ತರೆ ಕೈಗೆ ಸಿಗುವುದು ಮಣ್ಣಿನ ಹೆಂಟೆ. ಕಬ್ಬಿಣದ ಜಾಲರಿಯೊಂದನ್ನು ಬಿಡಿಸಿಕೊಳ್ಳಿ, ಸಾಕು. ಹಳೆಯ ಒಲೆಗಳಿಗೆ ಹಾಕಿದ ಸಿಮೆಂಟ್ ಕೊಳವೆ ಆಸ್ಬೆಸ್ಟಾಸ್ ಬೆರೆತದ್ದಾಗಿದ್ದರೆ ಅದಕ್ಕೆ ಗರಗಸ, ಸುತ್ತಿಗೆ ತಾಗಿಸಬೇಡಿ. ಆ ಧೂಳು ಶ್ವಾಸಕೋಶಕ್ಕೆ ಹೋಗಬಾರದು. ಮಣ್ಣಿನ ಒಲೆಯನ್ನು ಮುಂದಿನ ಬಾಡಿಗೆಯವರಿಗೆ ಬಿಡುವುದೇ ಸರಿ, ಆದರೆ ಮನೆಯ ಮಾಲೀಕರನ್ನು ಒಂದು ಮಾತು ಕೇಳಿ. ಗೋಡೆಗೆ ಹಿಡಿದ ಮಸಿಯನ್ನು ತೋರಿಸಿ ಡಿಪಾಜಿಟ್‌ನಲ್ಲಿ ಸುಣ್ಣ-ಬಣ್ಣದ ಖರ್ಚು ಮುರಿದುಕೊಳ್ಳುವ ಮಾಲೀಕರೂ ಇದ್ದಾರೆ.

ಕಾರ್ಖಾನೆಯಲ್ಲಿ ತಯಾರಾದ, ಕೈಯಲ್ಲಿ ಎತ್ತಿ ಒಯ್ಯಬಹುದಾದ ಸಣ್ಣ ಒಲೆಗಳು ಇನ್ನೊಂದು ಬಗೆ. ಇವಕ್ಕೆ ಭಾರತೀಯ ಮಾನಕ ಇದೆ: ಐಎಸ್ 13152. ಅದರ ಪ್ರಕಾರ ತಾನಾಗಿ ಗಾಳಿ ಎಳೆದುಕೊಳ್ಳುವ ಒಲೆ ಕಟ್ಟಿಗೆಯ ಶಾಖದಲ್ಲಿ ಕನಿಷ್ಠ ಶೇ 25ನ್ನು, ಫ್ಯಾನ್ ಇರುವ ಒಲೆ ಕನಿಷ್ಠ ಶೇ 35ನ್ನು ಪಾತ್ರೆಗೆ ಮುಟ್ಟಿಸಬೇಕು. ಮೂರು ಕಲ್ಲಿನ ಒಲೆಯಲ್ಲಿ ಇದು ಶೇ 10ರ ಆಸುಪಾಸು. ನಾವು ನಾದಿನಿಗೆ ಕೊಟ್ಟದ್ದು ಇಂಥದ್ದನ್ನೇ. ಫ್ಯಾನ್ ಒಲೆಯಾದರೆ ಬ್ಯಾಟರಿ ಬದುಕಿದೆಯೇ ನೋಡಿಕೊಳ್ಳಿ. ಬ್ಯಾಟರಿ ಸತ್ತ ಫ್ಯಾನ್ ಒಲೆಯನ್ನು ಯಾರೂ ಕೊಳ್ಳುವುದಿಲ್ಲ, ಹೊತ್ತು ಒಯ್ದರೂ ನೀವು ಅದನ್ನು ಹೊತ್ತಿಸುವುದಿಲ್ಲ.

ಮೂರನೆಯದು ನಮ್ಮ ಕಡೆ ನಿಜವಾಗಿ ತಲೆಬಿಸಿ ತರುವಂಥದ್ದು: ವೆಲ್ಡಿಂಗ್ ಅಂಗಡಿಯಲ್ಲಿ ಅಳತೆ ಕೊಟ್ಟು ಮಾಡಿಸಿದ ಕಬ್ಬಿಣದ ರೊಟ್ಟಿ ಒಲೆ. ಅಗಲ ಬಾಯಿ, ಮೇಲೆ ಹಂಚು ಕೂರುವ ದುಂಡು, ಹಿಂದೆ ಹೊಗೆ ಕೊಳವೆ. ಮುಂದಿನ ಮಾತೆಲ್ಲ ಬಹುಪಾಲು ಇದರದೇ. ಸ್ನಾನದ ನೀರು ಕಾಯಿಸುವ ತಾಮ್ರದ ಬಂಬಿನ ಲೆಕ್ಕ ಬೇರೆ, ಅದನ್ನು ಕೊನೆಗೆ ನೋಡೋಣ.

ಹೊಗೆಗೆ ದಾರಿ

ಹೊಸ ಮನೆ ನೋಡಲು ಹೋದಾಗ ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ತಿರುಗಿಸಿ ನೋಡುತ್ತೇವೆ, ಒಲೆ ಎಲ್ಲಿ ಇಡುವುದು ಎಂದು ನೋಡುವುದಿಲ್ಲ. ಹಳ್ಳಿಯ ಮಾಳಿಗೆ ಮನೆಯಲ್ಲಿ ಒಲೆಯ ನೆತ್ತಿಗೆ ಬೆಳಕಿಂಡಿ ಇರುತ್ತಿತ್ತು. ಹೊಗೆ ಅದರ ಪಾಡಿಗೆ ಅದು ಹೋಗುತ್ತಿತ್ತು, ಹೋಗದೆ ಉಳಿದದ್ದು ಇಲ್ಲಣವಾಗಿ ಜಂತಿಗೆ ಜೋತಾಡುತ್ತಿತ್ತು. ಪಟ್ಟಣದ ಅಡುಗೆಮನೆಗೆ ಇರುವುದು ಒಂದು ಕಿಟಕಿ, ಹೆಚ್ಚೆಂದರೆ ಒಂದು ಸಣ್ಣ ಫ್ಯಾನ್. ಅಲ್ಲಿ ಕಟ್ಟಿಗೆ ಉರಿಸುವ ಮಾತೇ ಬೇಡ. ಹೊಗೆ ಕಣ್ಣಿಗೆ ಕಾಣುತ್ತದೆ, ಓಡಿಹೋಗಬಹುದು. ಹೊಗೆ ನಿಂತ ಮೇಲೆ ಉಳಿಯುವ ಕೆಂಡ ಉಗುಳುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಚಳಿಗೆಂದು ಕೆಂಡದ ಬೋಗುಣಿಯನ್ನು ಮಲಗುವ ಕೋಣೆಗೆ ಒಯ್ದು ಬಾಗಿಲು ಹಾಕಿಕೊಂಡವರು ಬೆಳಿಗ್ಗೆ ಏಳದೆ ಹೋದ ಸುದ್ದಿ ಚಳಿಗಾಲದಲ್ಲಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ.

ಹಾಗಾದರೆ ಮಾಳಿಗೆಯ ಮೇಲೆ? ನಮ್ಮ ಹೊಸ ಮನೆಯ ಮಾಳಿಗೆಯಲ್ಲಿ ಜಾಗವೇನೋ ಧಾರಾಳ. ಆದರೆ ಆರು ಮನೆಯವರು ಅಲ್ಲಿ ಬಟ್ಟೆ ಒಣಹಾಕುತ್ತಾರೆ. ಒದ್ದೆ ಬಿಳಿ ಅಂಗಿಗೆ ಮಸಿ ಕೂತ ದಿನ ಶುರುವಾಗುವ ಜಗಳಕ್ಕೆ ಯಾವ ಒಲೆಯೂ ಬೆಲೆ ಬಾಳುವುದಿಲ್ಲ. ಮೇಲಾಗಿ ಮೇ ತಿಂಗಳಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುವ ಊರು ಇದು. ಕಾದ ಮಾಳಿಗೆಯ ಮೇಲೆ ಕಾದ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವ ಅರವತ್ತೈದರ ಮುದುಕಿಯನ್ನು ಊಹಿಸಿಕೊಂಡೇ ನಾನು ಅರ್ಧ ತೀರ್ಮಾನಕ್ಕೆ ಬಂದಿದ್ದೆ.

ನೆಲವನ್ನೂ ನೋಡಬೇಕು. ನಮ್ಮ ಭಾಗದ ಮನೆಗಳಿಗೆ ಶಹಾಬಾದಿನ ಪರಸಿಯೇ ನೆಲ. ಅದು ಸುಣ್ಣದ ಕಲ್ಲು, ಪದರ ಪದರವಾಗಿ ಕೂಡಿದ್ದು. ನೇರವಾಗಿ ಕೆಂಡದ ಕಾವು ಬಿದ್ದರೆ, ಅದರಲ್ಲೂ ನೀರು ಕುಡಿದಿದ್ದರೆ, ಚಟ್ಟೆಂದು ಚಕ್ಕೆ ಏಳುತ್ತದೆ. ಒಲೆಯ ಕೆಳಗೆ ಎರಡು ಸಾಲು ಇಟ್ಟಿಗೆ, ನಡುವೆ ಮರಳು ಇಲ್ಲದೆ ಪರಸಿಯ ಮೇಲೆ ಒಲೆ ಇಡಬೇಡಿ. ಸಿಮೆಂಟಿನ ಮಾಳಿಗೆಗೂ ಇದೇ ಮಾತು.

ಹಿತ್ತಲು ಇರುವ ನೆಲಮಹಡಿ, ಮೂರು ಕಡೆ ಬಯಲಾದ ತಗಡಿನ ಚಪ್ಪರ, ಪಕ್ಕದ ಮನೆಯ ಕಿಟಕಿ ಹತ್ತು ಹೆಜ್ಜೆ ದೂರ: ಇಷ್ಟು ಇದ್ದರೆ ಮಾತ್ರ ಮುಂದಿನ ಲೆಕ್ಕಕ್ಕೆ ಬನ್ನಿ.

ಕಟ್ಟಿಗೆಯ ಲೆಕ್ಕ

"ಕಟ್ಟಿಗೆ ಅಗ್ಗ, ಗ್ಯಾಸ್ ತುಟ್ಟಿ" ಎನ್ನುವುದು ನಮ್ಮ ಮನೆಯಲ್ಲಿ ವೇದವಾಕ್ಯವಾಗಿತ್ತು. ಒಂದು ರವಿವಾರ ಕುಳಿತು ಲೆಕ್ಕ ಹಾಕಿದೆ. ಮನೆ ಬಳಕೆಯ ಸಿಲಿಂಡರಿನಲ್ಲಿ 14.2 ಕಿಲೋ ಅನಿಲ ಇರುತ್ತದೆ. ಒಂದು ಕಿಲೋ ಅನಿಲದಲ್ಲಿ ಸುಮಾರು 46 ಮೆಗಾಜೂಲ್ ಶಾಖ, ಒಂದು ಕಿಲೋ ಒಣ ಕಟ್ಟಿಗೆಯಲ್ಲಿ ಸುಮಾರು 15. ಗ್ಯಾಸ್ ಒಲೆ ಅದರಲ್ಲಿ ಶೇ 60ರಷ್ಟನ್ನು ಪಾತ್ರೆಗೆ ಕೊಡುತ್ತದೆ ಎಂದಿಟ್ಟುಕೊಂಡರೆ ಒಂದು ಸಿಲಿಂಡರಿನ ಕೆಲಸವನ್ನು ಮಾಡಲು ಒಳ್ಳೆಯ ಒಲೆಗೆ ನೂರು ಕಿಲೋಗಿಂತ ಸ್ವಲ್ಪ ಹೆಚ್ಚು ಕಟ್ಟಿಗೆ ಬೇಕು, ಮೂರು ಕಲ್ಲಿನ ಒಲೆಗೆ ಇನ್ನೂರೈವತ್ತು ಕಿಲೋ ದಾಟುತ್ತದೆ.

ಸಿಲಿಂಡರಿಗೆ 900 ರೂಪಾಯಿ ಎಂದುಕೊಳ್ಳೋಣ. ಒಳ್ಳೆಯ ಒಲೆ ಇರುವವರು ಕಟ್ಟಿಗೆಯನ್ನು ಕಿಲೋಗೆ ಎಂಟೂವರೆ ರೂಪಾಯಿಗಿಂತ ಹೆಚ್ಚು ಕೊಟ್ಟು ತಂದರೆ ನಷ್ಟ. ಹಳೆ ಮಾದರಿಯ ಒಲೆಯಾದರೆ ಮೂರೂವರೆ ರೂಪಾಯಿ ದಾಟಿದರೇ ನಷ್ಟ. ನಿಮ್ಮ ಬಡಾವಣೆಯ ಕಟ್ಟಿಗೆ ಅಡ್ಡೆಗೆ ಹೋಗಿ ದರ ಕೇಳಿ, ಈ ಎರಡು ಅಂಕಿಗಳ ಪಕ್ಕ ಇಟ್ಟು ನೋಡಿ. ಜೊತೆಗೆ ಅಡ್ಡೆಯಲ್ಲಿ ತೂಗುವ ಕಟ್ಟಿಗೆಯಲ್ಲಿ ನೀರೂ ತೂಗುತ್ತದೆ, ಮಳೆಗಾಲದಲ್ಲಂತೂ ಅರ್ಧ ದುಡ್ಡು ನೀರಿಗೇ.

ಕಟ್ಟಿಗೆ ಕೊಳ್ಳುವವರಿಗೆ ಈ ಲೆಕ್ಕ. ಹೊಲದಿಂದ ತರುವವರದು ಬೇರೆ. ತೊಗರಿಯ ಕಣಜ ಎನಿಸಿಕೊಂಡ ಜಿಲ್ಲೆಯಲ್ಲಿ ಡಿಸೆಂಬರ್-ಜನವರಿಯ ರಾಶಿ ಮುಗಿದ ಮೇಲೆ ತೊಗರಿ ಕಟ್ಟಿಗೆಗೆ ಬರವಿಲ್ಲ. ಬೇಗ ಹೊತ್ತುತ್ತದೆ, ಚುರುಕಾಗಿ ಉರಿಯುತ್ತದೆ, ರೊಟ್ಟಿ ಹಂಚಿಗೆ ಹೇಳಿ ಮಾಡಿಸಿದ್ದು. ಹತ್ತಿ ಕಟ್ಟಿಗೆಯೂ ಆದೀತು. ಜಾಲಿ ಕೊಂಟು ಹಿಡಿಯುವುದು ತಡ, ಹಿಡಿದರೆ ಕೆಂಡ ನಿಲ್ಲುತ್ತದೆ. ಆದರೆ ಈಗ ಯಂತ್ರದಿಂದ ರಾಶಿ ಮಾಡಿಸುವ ಹೊಲಗಳಲ್ಲಿ ತೊಗರಿ ಕಟ್ಟಿಗೆ ಪುಡಿಪುಡಿಯಾಗಿ ಹೊಲದಲ್ಲೇ ಬಿದ್ದಿರುತ್ತದೆ, ಹೊರೆ ಕಟ್ಟಲು ಏನೂ ಸಿಗುವುದಿಲ್ಲ. ಊರಿನಲ್ಲಿ ಹೊಲ ಇದೆ ಎಂಬ ಧೈರ್ಯದಿಂದ ಒಲೆ ಹೊತ್ತುಕೊಂಡು ಬರುವವರು ಮೊದಲು ಅಣ್ಣತಮ್ಮಂದಿರಿಗೆ ಫೋನ್ ಮಾಡಿ ಈ ಸಲ ರಾಶಿ ಹೇಗೆ ಎಂದು ಕೇಳಬೇಕು. ಕಟ್ಟಿಗೆ ಪುಕ್ಕಟೆ ಸಿಕ್ಕರೂ ಅದನ್ನು ತರುವ ಗಾಡಿ ಪುಕ್ಕಟೆ ಅಲ್ಲ. ನಲವತ್ತು ಕಿಲೋಮೀಟರ್ ದೂರದಿಂದ ಒಂದು ಗಾಡಿ ತೊಗರಿ ಕಟ್ಟಿಗೆ ತರಿಸಿದ ವರ್ಷ ನಾವು ಗ್ಯಾಸಿಗಿಂತ ಹೆಚ್ಚು ಖರ್ಚು ಮಾಡಿದ್ದೆವು. ಅದನ್ನು ಅತ್ತೆಗೆ ಇಂದಿಗೂ ಹೇಳಿಲ್ಲ.

ರೊಟ್ಟಿಯ ಮಾತು

ದುಡ್ಡಿನ ಲೆಕ್ಕದಲ್ಲಿ ಹಿಡಿಯದ ಒಂದು ಸಂಗತಿ ಇದೆ. ದಿನಕ್ಕೆ ಹತ್ತು ಮೆತ್ತನೆಯ ರೊಟ್ಟಿ ಬೇಯಿಸುವ ಮನೆಗೆ ಗ್ಯಾಸ್ ಸಾಕು. ಎಳ್ಳ ಅಮಾವಾಸ್ಯೆಗೆ ಮುಂಚೆ ಕುಳಿತು ಜೋಳದ್ದು, ಸಜ್ಜೆಯದು ಎಂದು ಇನ್ನೂರು ಕಡಕ್ ರೊಟ್ಟಿ ಮಾಡಿ ಅಟ್ಟಿ ಕಟ್ಟುವ ಮನೆಗೆ ಗ್ಯಾಸ್ ಸಾಲದು. ಕಡಕ್ ರೊಟ್ಟಿಗೆ ಉರಿ ಅರ್ಧ, ಉರಿ ಇಳಿದ ಮೇಲಿನ ಕಾವು ಅರ್ಧ. ಹಂಚಿನಿಂದ ತೆಗೆದ ರೊಟ್ಟಿಯನ್ನು ಒಲೆಯ ಬದಿಗೆ ಒರಗಿಸಿ ನಿಲ್ಲಿಸಬೇಕು, ಒಂದು ಬೆಂದು ಏಳುವಷ್ಟರಲ್ಲಿ ಹಿಂದಿನದು ಹಪ್ಪಳದಂತೆ ಆಗಿರಬೇಕು. ಗ್ಯಾಸಿನ ಬರ್ನರಿನ ಬದಿಗೆ ಒರಗಿಸಲು ಏನಿದೆ?

ಆದ್ದರಿಂದ ರೊಟ್ಟಿ ಯಾರು ಮಾಡುತ್ತಾರೆ, ಎಷ್ಟು ಮಾಡುತ್ತಾರೆ, ಮುಂದೆಯೂ ಮಾಡುತ್ತಾರೆಯೇ ಎಂದು ನೆಟ್ಟಗೆ ಕೇಳಿಕೊಳ್ಳಿ. ವರ್ಷಕ್ಕೆ ಎರಡು ಸಲ ಮಾತ್ರವಾದರೆ ಒಲೆಯನ್ನು ಊರಿನ ಮನೆಯಲ್ಲಿ ಇಡಿ, ಹಬ್ಬಕ್ಕೆ ಅಲ್ಲಿಗೇ ಹೋಗಿ. ರೊಟ್ಟಿಯೇ ಮನೆಯ ದುಡಿಮೆಯಾದರೆ ಒಲೆ ಮಾರುವ ಯೋಚನೆಯನ್ನೇ ಬಿಟ್ಟು, ಒಲೆಗೆ ಜಾಗ ಇರುವ ಮನೆಯನ್ನು ಹುಡುಕಿ. ಮನೆ ಬಳಕೆಯ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ಅದಕ್ಕೆ 19 ಕಿಲೋದ ವಾಣಿಜ್ಯ ಸಿಲಿಂಡರ್ ತೆಗೆದುಕೊಳ್ಳಬೇಕು, ಅದರ ದರ ಬೇರೆ.

ನಮ್ಮ ಮನೆಯಲ್ಲಿ ಈ ಪ್ರಶ್ನೆಗೆ ಅತ್ತೆ ಎರಡು ದಿನ ಉತ್ತರ ಕೊಡಲಿಲ್ಲ. ಮೂರನೇ ದಿನ ಸಂಜೆ, "ಮೊಣಕಾಲು ಮಡಚಲು ಆಗುವುದಿಲ್ಲ, ಕೊಟ್ಟುಬಿಡು" ಎಂದರು. ಒಲೆಯ ಬಗ್ಗೆ ನಾನು ಹೊಗೆ, ಗ್ಯಾಸ್, ನೆರೆಹೊರೆ ಎಂದು ಏನೆಲ್ಲ ವಾದ ಹೂಡಿದ್ದೆ, ಮೊಣಕಾಲು ನನ್ನ ನೆನಪಿಗೆ ಬಂದಿರಲಿಲ್ಲ.

ಮಾರುವುದಾದರೆ ಯಾರಿಗೆ

ಗುಜರಿಯವನು ತೂಕಕ್ಕೆ ಕೊಳ್ಳುತ್ತಾನೆ, ಬಳಸುವವರು ಕೆಲಸಕ್ಕೆ ಕೊಳ್ಳುತ್ತಾರೆ. ಎರಡರ ನಡುವೆ ಅಜಗಜಾಂತರ. ತೂಕದ ಬೆಲೆಯನ್ನು ಮನೆಯಲ್ಲೇ ಅಂದಾಜು ಮಾಡಿಕೊಳ್ಳಬಹುದು: ಮೂರು ಮಿಲಿಮೀಟರ್ ದಪ್ಪದ ಕಬ್ಬಿಣದ ತಗಡು ಒಂದು ಚದರ ಮೀಟರಿಗೆ ಸುಮಾರು 23.5 ಕಿಲೋ ತೂಗುತ್ತದೆ. ಟೇಪು ಹಿಡಿದು ಬದಿಗಳನ್ನು ಅಳೆದರೆ ತೂಕ ಗೊತ್ತಾಗುತ್ತದೆ, ಗುಜರಿಯವನ ತಕ್ಕಡಿಯನ್ನು ನಂಬಿಕೊಂಡು ಕೂರಬೇಕಾಗಿಲ್ಲ. ಬೀದರ್‌ನಲ್ಲಿ 4,500 ರೂಪಾಯಿ ಕೊಟ್ಟು ಮಾಡಿಸಿದ್ದ ನಮ್ಮ ಒಲೆ 26 ಕಿಲೋ ಇತ್ತು. ಗುಜರಿಯವನು 700 ಎಂದ. ಅದು ನಮ್ಮ ತಳದ ಬೆಲೆ. ಅದಕ್ಕಿಂತ ಮೇಲೆ ಬಂದದ್ದೆಲ್ಲ ಲಾಭ ಎಂದು ಮನಸ್ಸಿನಲ್ಲಿ ಇಟ್ಟುಕೊಂಡೆವು.

ಮೊಬೈಲಿನ ಮಾರಾಟ ತಾಣದಲ್ಲಿ ಫೋಟೊ ಹಾಕಿದ್ದು ನನ್ನ ಮಗ. ಹನ್ನೊಂದು ಮಂದಿ "ಕೊನೆಯ ಬೆಲೆ ಎಷ್ಟು?" ಎಂದು ಕೇಳಿದರು, ಒಬ್ಬರೂ ಬರಲಿಲ್ಲ. ಹನ್ನೆರಡನೆಯವನು ನೋಡದೆಯೇ ಪೂರ್ತಿ ಹಣ ಕೊಡುತ್ತೇನೆಂದು ಒಂದು ಕ್ಯೂಆರ್ ಕೋಡ್ ಕಳಿಸಿದ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ನಮ್ಮ ಖಾತೆಯಿಂದ ಹೋಗುತ್ತದೆಯೇ ಹೊರತು ಬರುವುದಿಲ್ಲ. ಮಗನಿಗೆ ಅದು ಗೊತ್ತಿತ್ತು, ಪುಣ್ಯ. ಒಲೆ ಮಾರಲು ಸರಿಯಾದ ಜಾಗ ಹಿಟ್ಟಿನ ಗಿರಣಿ. ಜೋಳ ಬೀಸಲು ಸರತಿಯಲ್ಲಿ ನಿಂತವರಲ್ಲಿ ರೊಟ್ಟಿ ಮಾಡಿ ಮಾರುವವರು ಒಬ್ಬರಾದರೂ ಇರುತ್ತಾರೆ. ಗಿರಣಿಯವನಿಗೆ ಒಂದು ಮಾತು ಹೇಳಿ ಬಂದ ಮಾರನೇ ದಿನವೇ ಶಹಾಬಜಾರಿನ ಕಡೆಯಿಂದ ಒಬ್ಬ ಹೆಣ್ಣುಮಗಳು ಬಂದರು.

ಅವರು ಒಲೆ ನೋಡಿದ ರೀತಿ ಕೊಳ್ಳುವವರಿಗೂ ಮಾರುವವರಿಗೂ ಪಾಠವಾದೀತು. ಬೆಲೆ ಕೇಳಲಿಲ್ಲ. ಬಾಗಿ ಒಲೆಯ ಬಾಯೊಳಗೆ ಮೊಣಕೈವರೆಗೆ ಕೈ ಹಾಕಿ, ವೆಲ್ಡಿಂಗ್ ಹಾದಿಯ ಗುಂಟ ಬೆರಳು ಎಳೆದರು. ಹಿಂದಿನ ಮೂಲೆಯಲ್ಲಿ ಬೆರಳು ನಿಂತಿತು. ಅಲ್ಲಿ ಕೂದಲೆಳೆಯಷ್ಟು ಬಿರುಕು ಇರುವುದು ಆರು ವರ್ಷದಲ್ಲಿ ನನಗೇ ಗೊತ್ತಿರಲಿಲ್ಲ. ಗೆಣ್ಣಿನಿಂದ ಬದಿಗಳನ್ನು ತಟ್ಟಿದರು. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಡಬ್ ಎನ್ನುತ್ತದೆ. ಕೊಳವೆಯನ್ನು ಬಿಡಿಸಿ ಸೂರ್ಯನ ಕಡೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. ತೂತಿದ್ದರೆ ಚುಕ್ಕಿಯಂತೆ ಬೆಳಕು ಹೊಳೆಯುತ್ತದೆ. ಆಮೇಲೆ ಹೇಳಿದ್ದು ಒಂದೇ ಮಾತು: "ಅಕ್ಕಾ, ಹೊತ್ತಿಸಿ ತೋರಿಸಿ."

ಒಂದು ಹಿಡಿ ತೊಗರಿ ಕಟ್ಟಿಗೆ ಹಾಕಿ ಹೊತ್ತಿಸಿದೆವು. ಮೊದಲ ಎರಡು ನಿಮಿಷ ಹೊಗೆ ಬಾಯಿಂದಲೇ ಬಂತು, ಕೊಳವೆ ಕಾದ ಮೇಲೆ ಹಿಂದಕ್ಕೆ ಎಳೆದುಕೊಂಡಿತು. ಹಂಚಿನ ಮೇಲೆ ಚಿಮುಕಿಸಿದ ನೀರಿನ ಹನಿ ಎಲ್ಲ ಕಡೆಯೂ ಒಂದೇ ಸಮ ಕುಣಿಯುತ್ತದೆಯೇ ಎಂದು ನೋಡಿದರು. ಅಷ್ಟರಲ್ಲಿ ಅತ್ತೆ ಹಿಟ್ಟು ನಾದಿಕೊಂಡು ಬಂದೇಬಿಟ್ಟಿದ್ದರು. ಮೂರು ರೊಟ್ಟಿ ಆದವು. ಎರಡನ್ನು ಆಕೆಗೆ ತಿನ್ನಿಸಿದರು, ಪುಂಡಿ ಪಲ್ಯದ ಜೊತೆಗೆ. ನಾನು 3,000 ಹೇಳಿದ್ದೆ, ಆಕೆ 1,500 ಎಂದರು, ಬಿರುಕು ತೋರಿಸಿ ಬೆಲೆ ಇಳಿಸಿದರು, ರೊಟ್ಟಿ ತಿಂದು ಸ್ವಲ್ಪ ಏರಿಸಿದರು. 2,200ಕ್ಕೆ ನಿಂತಿತು. ಊದುಗೊಳವೆ, ಬೂದಿ ಗೋರುವ ಸೌಟು ಉಚಿತ. ಹಂಚನ್ನೂ ಕೇಳಿದರು. ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, "ಹಂಚು ಒಲೆಯದಲ್ಲ, ನನ್ನದು" ಎಂದರು. ನೀವೂ ಹಂಚನ್ನು ಒಲೆಯ ಜೊತೆ ಸೇರಿಸಿ ಬೆಲೆ ಹೇಳಬೇಡಿ. ಪಳಗಿದ ಹಂಚು ಗ್ಯಾಸಿನ ಮೇಲೂ ನಡೆಯುತ್ತದೆ, ಹೊಸ ಹಂಚು ಪಳಗಲು ತಿಂಗಳುಗಳೇ ಬೇಕು.

ಹೊತ್ತಿಸಿ ತೋರಿಸಿದರೆ ಒಲೆಗೆ ಗುಜರಿಯ ಮೂರು ಪಟ್ಟು ಬರುತ್ತದೆ. ಕಳಚಿ ಮೂಲೆಗೆ ಎಸೆದ ಒಲೆಗೆ ಗುಜರಿಯ ಬೆಲೆಯೇ ಗತಿ. ಅದಕ್ಕೇ ಮನೆ ಖಾಲಿ ಮಾಡುವ ಹಿಂದಿನ ದಿನ ಮಾರಲು ಹೊರಡಬೇಡಿ. ಮೂರು ವಾರ ಮುಂಚೆ ಗಿರಣಿಗೆ ಸುದ್ದಿ ಮುಟ್ಟಿಸಿ. ಕಾಲವೂ ಮುಖ್ಯ: ಎಳ್ಳ ಅಮಾವಾಸ್ಯೆಯ ಮುಂಚಿನ ತಿಂಗಳು ಮತ್ತು ರಾಶಿಯ ನಂತರದ ಮದುವೆ ದಿನಗಳಲ್ಲಿ ಕೇಳುವವರು ಇರುತ್ತಾರೆ, ಜಡಿಮಳೆಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ಮಾರುವ ಮುಂಚೆ ಬಣ್ಣ ಬಳಿಯುವ ಚಟ ಕೆಲವರಿಗೆ. ಬೇಡ. ಕಬ್ಬಿಣದ ಒಲೆಗೆ ಹೊಸ ಬಣ್ಣ ಕಂಡರೆ ತಿಳಿದವರು ಒಳಗೆ ಏನು ಮುಚ್ಚಿದ್ದಾರೋ ಎಂದು ಹಿಂದೆ ಸರಿಯುತ್ತಾರೆ. ಬೂದಿಯನ್ನು ಪೂರ್ತಿ ಕೆರೆದು ತೆಗೆಯಿರಿ, ಅಷ್ಟು ಸಾಕು. ಬೂದಿ ತೇವ ಹೀರುತ್ತದೆ, ಆ ತೇವ ಕಬ್ಬಿಣವನ್ನು ತಿನ್ನುತ್ತದೆ. ಮಳೆಗಾಲವಿಡೀ ಬೂದಿ ತುಂಬಿಕೊಂಡು ಕುಳಿತ ಒಲೆಯ ತಳ ಒಂದೇ ವರ್ಷದಲ್ಲಿ ಜರಡಿಯಾಗಬಹುದು. ಇನ್ನೊಂದು: ಉರಿಗೆ ಅಂಟಿಕೊಂಡ ಮೊದಲ ತುಂಡು ಕೊಳವೆ ಸತುವಿನ ಲೇಪದ ಜಿಐ ಪೈಪ್ ಆಗಿದ್ದರೆ ಕೊಳ್ಳುವವರಿಗೆ ಹೇಳಿಬಿಡಿ. ಸತು ಕರಗುವುದು 419 ಡಿಗ್ರಿಗೆ. ಬೆಂಕಿಯ ಬಾಯಿಗೆ ಅದು ತಕ್ಕದ್ದಲ್ಲ, ಕಾದಾಗ ಅದರ ಹೊಗೆಯೂ ಒಳ್ಳೆಯದಲ್ಲ. ಅಲ್ಲಿ ಕಪ್ಪು ಕಬ್ಬಿಣದ ತುಂಡೇ ಬೇಕು.

ಕೊಡುವುದು ಮಾರುವುದಕ್ಕಿಂತ ಸುಲಭ ಎಂದುಕೊಂಡಿದ್ದೆ, ಅಲ್ಲ. ನಾದಿನಿಗೆ ಕೊಟ್ಟ ಸಣ್ಣ ಒಲೆಯಲ್ಲಿ ಕಟ್ಟಿಗೆಯನ್ನು ಗೇಣುದ್ದ ಕಡಿದು ಹಾಕಬೇಕು. ಅವರ ಮನೆಯಲ್ಲಿ ಉದ್ದ ಕಟ್ಟಿಗೆಯನ್ನು ಒಳಕ್ಕೆ ತಳ್ಳುತ್ತ ಹೋಗುವುದು ರೂಢಿ. ಆರು ತಿಂಗಳ ಮೇಲೆ ಹೋದಾಗ ಒಲೆ ಕೋಳಿಗಳಿಗೆ ಕಾಳು ಹಾಕುವ ತೊಟ್ಟಿಯಾಗಿತ್ತು. ಕೊಡುವ ಮುಂಚೆ ಒಂದು ಸಲ ಅವರ ಕೈಯಲ್ಲೇ ಹೊತ್ತಿಸಿ ಅಡುಗೆ ಮಾಡಿಸಿ. ಹಿಡಿಸಿದರೆ ಇಟ್ಟುಕೊಳ್ಳಲಿ, ಇಲ್ಲದಿದ್ದರೆ ಮುಲಾಜಿಲ್ಲದೆ ವಾಪಸ್ ತನ್ನಿ.

ಹೊತ್ತೊಯ್ಯುವುದಾದರೆ

ಒಲೆಯ ತೂಕ, ಹಮಾಲರು ಮಹಡಿ ಹತ್ತಿಸಲು ಕೇಳುವ ಹೆಚ್ಚಿನ ಹಣ, ಹೊಸ ಮನೆಯಲ್ಲಿ ಕೊಳವೆಗೆ ಬೇಕಾಗುವ ಬಾಗು ಮತ್ತು ಹಿಡಿಕೆ, ಇವಿಷ್ಟನ್ನು ಕೂಡಿಸಿದರೆ ಹೊಸ ಒಲೆಯ ಬೆಲೆಯ ಅರ್ಧ ದಾಟುತ್ತದೆಯೇ? ದಾಟಿದರೆ ಮಾರಿ, ಹೊಸ ಊರಿನಲ್ಲಿ ಮಾಡಿಸಿಕೊಳ್ಳಿ. ಒಳ್ಳೆಯ ವೆಲ್ಡಿಂಗ್ ಅಂಗಡಿ ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಸಿಗುತ್ತದೆ. ಇದಕ್ಕಿಂತ ಉದ್ದ ಹೇಳಲು ಏನಿಲ್ಲ, ಬೂದಿಯ ಕಥೆಯೊಂದನ್ನು ಬಿಟ್ಟರೆ.

ಬೀದರ್‌ನಿಂದ ಹೊರಡುವ ದಿನ ಬೆಳಿಗ್ಗೆ ಅತ್ತೆ ದಾರಿಗೆಂದು ರೊಟ್ಟಿ ಮಾಡಿದರು. ಒಲೆ ಆರಿದೆ ಎಂದು ಹತ್ತು ಗಂಟೆಗೆ ಗಾಡಿಗೆ ಹಾಕಿದೆವು, ಅಲುಗದಂತೆ ಹಾಸಿಗೆಗೆ ಒತ್ತಿ ಇಟ್ಟೆವು. ಹುಮನಾಬಾದ್ ದಾಟಿ ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಕೊಳ್ಳಲು ನಿಂತಾಗ ಹಣ್ಣು ಮಾರುವವಳು ಗಾಡಿಯ ಕಡೆ ಕೈ ತೋರಿಸಿದಳು. ತಾಡಪಾಲಿನ ಸಂದಿಯಿಂದ ತೆಳ್ಳಗೆ ಹೊಗೆ. ಬೂದಿಯ ತಳದಲ್ಲಿ ಉಳಿದಿದ್ದ ಒಂದು ಜಾಲಿ ಕೆಂಡಕ್ಕೆ ಗಾಡಿಯ ಗಾಳಿ ಊದುಗೊಳವೆಯಾಗಿತ್ತು. ಹಾಸಿಗೆಯ ಹತ್ತಿ ಉರಿಯದೆ ಒಳಗೊಳಗೇ ಕೆಂಪಗೆ ತಿನ್ನುತ್ತ ಮೊಳದಷ್ಟು ಹೋಗಿತ್ತು. ನಾಲ್ಕು ಕೊಡ ನೀರಿಗೆ ಅದು ಆರಿತು. ಬೂದಿಯ ಹೊದಿಕೆಯಲ್ಲಿ ಕೆಂಡ ಒಂದು ದಿನಕ್ಕೂ ಮಿಕ್ಕಿ ಬದುಕುತ್ತದೆ. ಎರಡು ದಿನ ಮುಂಚೆಯೇ ಒಲೆಯ ಸೇವೆ ನಿಲ್ಲಿಸಿ, ಬೂದಿ ತೆಗೆದು, ಒಳಗೆ ಕೈ ಹಾಕಿ ನೋಡಿದ ಮೇಲೆಯೇ ಗಾಡಿಗೆ ಏರಿಸಿ.

ಹಾಗೆಂದು ಆ ಎರಡು ದಿನ ಅಡುಗೆಗೆ ಏನು ಎಂಬುದನ್ನೂ ಯೋಚಿಸಬೇಕು. ಬೇರೆ ಊರಿಗೆ ಹೋಗುವವರು ಗ್ಯಾಸ್ ಏಜೆನ್ಸಿಗೆ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ ಕಾಗದ ಪಡೆದು, ಹೊಸ ಊರಿನಲ್ಲಿ ಅದನ್ನು ತೋರಿಸಿ ಸಂಪರ್ಕ ಪಡೆಯಬೇಕಾಗುತ್ತದೆ. ನಡುವಿನ ದಿನಗಳಲ್ಲಿ ಗ್ಯಾಸೂ ಇಲ್ಲ, ಒಲೆಯೂ ಇಲ್ಲ ಎಂಬ ಸ್ಥಿತಿ ಬರದಂತೆ ನೋಡಿಕೊಳ್ಳಿ.

ಬಂಬಿನ ಲೆಕ್ಕ

ತಾಮ್ರದ ಬಂಬು ಒಲೆಯೂ ಹೌದು, ಒಡವೆಯೂ ಹೌದು. ಕಬ್ಬಿಣ ಗುಜರಿಯಲ್ಲಿ ಕಿಲೋಗೆ ಹತ್ತಾರು ರೂಪಾಯಿಯಾದರೆ ತಾಮ್ರಕ್ಕೆ ನೂರಾರು. ಆದ್ದರಿಂದ ಇದನ್ನು ಮಾರುವ ಅವಸರವೇ ಬೇಡ, ಅದು ಕೆಟ್ಟರೂ ಲೋಹಕ್ಕೆ ಬೆಲೆ ಉಳಿಯುತ್ತದೆ. ಮಾರುವುದಾದರೆ ಗುಜರಿಯ ಜೊತೆ ಪಾತ್ರೆ ಅಂಗಡಿಯಲ್ಲೂ ದರ ಕೇಳಿ. ಹಳೆ ತಾಮ್ರ ತೂಗಿಸಿಕೊಂಡು ಹೊಸ ಪಾತ್ರೆಗೆ ಬದಲಿ ಕೊಡುವವರು ಇದ್ದಾರೆ. ಕಬ್ಬಿಣದ ಜಾಲರಿ, ಬೆಸುಗೆಯ ಸೀಸ, ಒಳಗೆ ಕಟ್ಟಿದ ಸುಣ್ಣ ಎಲ್ಲಕ್ಕೂ ತೂಕ ಮುರಿಯುತ್ತಾರೆ. ಬೋರ್‌ವೆಲ್ ನೀರು ಕುಡಿದ ಬಂಬಿನ ಒಳಗೆ ಸುಣ್ಣ ಕಿಲೋಗಟ್ಟಲೆ ಇರಬಹುದು, ಮೊದಲೇ ಕೆರೆಸಿ ಒಯ್ದರೆ ಆ ವಾದಕ್ಕೆ ಎಡೆ ಇರುವುದಿಲ್ಲ.

ಇಟ್ಟುಕೊಳ್ಳುವುದೋ ಬೇಡವೋ ಎಂಬುದು ಊರಿನ ಮೇಲೆ ಹೋಗುತ್ತದೆ. ಬೀದರ್‌ನಲ್ಲಿ ಡಿಸೆಂಬರ್-ಜನವರಿಯ ಬೆಳಗು 10 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಅಲ್ಲಿ ಬಂಬಿಗೆ ದಿನವೂ ಕೆಲಸ. ಕಲಬುರಗಿ, ಯಾದಗಿರಿಯಲ್ಲಿ ವರ್ಷದ ಬಹುಕಾಲ ತೊಟ್ಟಿಯ ನೀರೇ ಬಿಸಿ. ಎರಡು ಬಕೆಟ್, ಅಂದರೆ 40 ಲೀಟರ್ ನೀರನ್ನು 20 ಡಿಗ್ರಿಯಿಂದ 45ಕ್ಕೆ ಏರಿಸಲು ವಿದ್ಯುತ್ತಾದರೆ ಸುಮಾರು 1.2 ಯೂನಿಟ್ ಬೇಕು, ಬಂಬಾದರೆ ಒಂದು ಕಿಲೋಗೆ ತುಸು ಹೆಚ್ಚುಕಡಿಮೆ ಒಣ ಕಟ್ಟಿಗೆ. ತಲೆಗೊಂದು ಬಕೆಟ್ ಎಂದರೂ ನಾಲ್ಕು ಜನರ ಮನೆಗೆ ತಿಂಗಳಿಗೆ ಇದು 70 ಯೂನಿಟ್ ದಾಟೀತು. ಗೃಹಜ್ಯೋತಿ ಇರುವವರು ಇದನ್ನು ಗಮನಿಸಬೇಕು: ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೆ ಸ್ವಲ್ಪ ಮಾತ್ರ ಉಚಿತ, ಒಟ್ಟು 200 ಯೂನಿಟ್ ದಾಟಿದರೆ ಪೂರ್ತಿ ಬಿಲ್. ಬಂಬು ಬಿಟ್ಟು ಗೀಸರ್ ಹಾಕಿಸಿದ ತಿಂಗಳೇ ಈ ಗೆರೆ ದಾಟಬಹುದು. ಮನೆ ಬದಲಿಸಿದವರು ವಿದ್ಯುತ್ ಕಂಪನಿ ಜೆಸ್ಕಾಂ ಹಳೆ ಮನೆಯ ಸಂಪರ್ಕಕ್ಕೆ ಕೊಟ್ಟ ಆರ್‌ಆರ್ ಸಂಖ್ಯೆಯಿಂದ ಆಧಾರ್ ಬಿಡಿಸಿ ಹೊಸದಕ್ಕೆ ಜೋಡಿಸಲು ಮರೆಯಬಾರದು. ನಮ್ಮ ಬಂಬನ್ನು ನಾವು ಮಾರಲಿಲ್ಲ. ಅದು ಅಟ್ಟದ ಮೇಲೆ ಗೋಣಿಚೀಲ ಹೊದ್ದು ಕುಳಿತಿದೆ, ಮುಂದೆ ಮತ್ತೆ ಬೀದರ್‌ಗೆ ವರ್ಗವಾದರೂ ಆದೀತು ಎಂಬ ಆಸೆಯಲ್ಲಿ.

ಒಲೆ ಒಪ್ಪಿಸುವಾಗ ಜಾಲರಿ, ಬೂದಿ ಬಾಗಿಲು, ಕೊಳವೆಯ ತುಂಡುಗಳು, ಹಿಡಿಕೆಗಳು ಎಲ್ಲವನ್ನೂ ಎಣಿಸಿ ಕೊಡಿ. ನಾವು ಎಣಿಸಿಯೇ ಕೊಟ್ಟೆವು, ಆದರೂ ಎರಡು ದಿನ ಬಿಟ್ಟು ಆಕೆಯ ಫೋನ್ ಬಂತು: ಕೊಳವೆಯ ತುದಿಗೆ ಮಳೆ ಬೀಳದಂತೆ ಹಾಕುವ ತಗಡಿನ ಟೋಪಿ ಎಲ್ಲಿ? ಟೋಪಿ ಗಾಜಿಪುರದ ಮನೆಯ ಗೋಡೆಯ ನೆತ್ತಿಯಲ್ಲೇ ಉಳಿದಿತ್ತು. ಹೊಸ ಬಾಡಿಗೆಯವರು ಇಳಿಸಿಕೊಳ್ಳಲು ಅಡ್ಡಿಯಿಲ್ಲ ಎಂದರು, ಆದರೆ ಅವರ ಬಳಿ ಏಣಿ ಇರಲಿಲ್ಲ. ಏಣಿಯನ್ನು ನಾವು ಎರಡನೇ ಮಹಡಿಗೆ ಹೊತ್ತು ತಂದಿದ್ದೆವು.